ಅನುಮಾನಪ್ಪನ ಸೀಲ್ ಹಾಕಿದ ಬಾಟ್ಲಿ

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಊರೆಲ್ಲ ಹೇಳುತ್ತದೆ. ಹೇಳಿಬಿಟ್ಟು, ಬೆಳ್ಳಗೆ ಕಂಡದ್ದನ್ನು ತಂದು ಕಾಯಿಸಿ ಕುಡಿಯುತ್ತದೆ. ಅನುಮಾನಪ್ಪ ಆ ಜಾತಿಯ ಮನುಷ್ಯನಲ್ಲ. ಹಾಲಿನ ಪ್ಯಾಕೆಟ್ಟಿನ ಮೂಲೆ ಕತ್ತರಿಸಿ, ಒಂದು ಹನಿಯನ್ನು ಹೆಬ್ಬೆರಳಿನ ಉಗುರಿನ ಮೇಲೆ ನಿಲ್ಲಿಸಿ, ಅದು ಎಷ್ಟು ಬೇಗ ಜಾರುತ್ತದೆಂದು ನೋಡಿ, ಆಮೇಲಷ್ಟೇ ಹೆಂಡತಿಗೆ "ಹ್ಞೂಂ, ಕಾಯಿಸು" ಎಂದು ಅಪ್ಪಣೆ ಕೊಡುತ್ತಿದ್ದ. ತರಕಾರಿ ಅಂಗಡಿಯಲ್ಲಿ ಬುಟ್ಟಿಯ ಮೇಲಿನ ಟೊಮೇಟೊ ಅವನ ಕಣ್ಣಿಗೇ ಬೀಳುತ್ತಿರಲಿಲ್ಲ. ಮೊಣಕೈ ತನಕ ಕೈ ಇಳಿಸಿ ತಳದಿಂದ ಒಂದನ್ನು ಎತ್ತಿ ತೆಗೆಯುತ್ತಿದ್ದ. ಹಾಸಿಗೆ ಕೊಳ್ಳಲು ಹೋದಾಗ ಒಂದು ಕಡೆಯ ಹೊಲಿಗೆ ಬಿಚ್ಚಿ ತೋರಿಸಿ ಎಂದು ಹಟ ಹಿಡಿದು, ಅಂಗಡಿಯವನ ಕೈಲಿ ಬೈಸಿಕೊಂಡು, ಮೂರು ವರ್ಷ ಹಳೆಯ ಹಾಸಿಗೆಯಲ್ಲೇ ಮಲಗಿದ. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಉಳಿದಂತೆ ಎಲ್ಲರಿಗೂ ಅವನು ಅನುಮಾನಪ್ಪ.

ಅವನನ್ನು ಬೈಯುವ ಮೊದಲು ಅವನ ಕೆಲಸ ಎಂಥದ್ದೆಂದು ಸ್ವಲ್ಪ ತಿಳಿದುಕೊಳ್ಳಿ. ಬಂದರಿನ ಪಕ್ಕದ ಒಂದು ಸಣ್ಣ ರಿಫೈನರಿಯಲ್ಲಿ ಅವನಿಗೆ ನೌಕರಿ. ರಿಫೈನರಿಯವರು ಕಚ್ಚಾ ಎಣ್ಣೆ ಕೊಳ್ಳುವುದು ಕಾಗದ ನೋಡಿ. ಎಣ್ಣೆ ಎಷ್ಟು ತೆಳು, ಗಂಧಕ ಎಷ್ಟು, ಮೇಣ ಎಷ್ಟು, ನೀರು ಎಷ್ಟು ಎಂದು ಮಾರುವವರು ಬರೆದು ಕಳಿಸುತ್ತಾರೆ, ಇವರು ಹೂಂ ಎನ್ನುತ್ತಾರೆ, ಹಡಗು ಹೊರಡುತ್ತದೆ. ಫೋಟೋ ನೋಡಿ ಮದುವೆಗೆ ಒಪ್ಪಿದ ಹಾಗೆ. ಫೋಟೋ ಹತ್ತು ವರ್ಷದ ಹಿಂದಿನದೂ ಇರಬಹುದು. ಹಡಗು ಬಂದು ನಿಂತ ದಿನ ಏಣಿ ಹತ್ತಿ, ಕಾಗದದಲ್ಲಿರುವ ಎಣ್ಣೆಯೇ ಹೊಟ್ಟೆಯಲ್ಲೂ ಇದೆಯೇ ಎಂದು ನೋಡುವವನು ಅನುಮಾನಪ್ಪ. ಅನುಮಾನ ಪಡುವುದಕ್ಕೇ ಸಂಬಳ ಕೊಡುವಾಗ ಪಾಪ ಅವನಾದರೂ ಏನು ಮಾಡಿಯಾನು!

ಆ ಕೆಲಸದಲ್ಲಿ ಮಾತ್ರ ಅವನನ್ನು ಮೀರಿಸುವವರಿರಲಿಲ್ಲ, ಇದನ್ನು ಅವನ ಶತ್ರುಗಳೂ ಒಪ್ಪುತ್ತಿದ್ದರು. ಬಿರಡೆ ಹಾಕಿದ ಖಾಲಿ ಬಾಟ್ಲಿಯನ್ನು ಭಾರ ಕಟ್ಟಿ ಹಗ್ಗದಲ್ಲಿ ಹಡಗಿನ ಟ್ಯಾಂಕಿಗೆ ಇಳಿಸುವುದು, ಬೇಕಾದ ಆಳಕ್ಕೆ ಹೋದಾಗ ಹಗ್ಗವನ್ನು ಜಗ್ಗಿ ಬಿರಡೆ ಕೀಳುವುದು, ಗುಳುಗುಳು ನಿಂತ ಮೇಲೆ ಎಳೆದುಕೊಳ್ಳುವುದು. ಮೇಲಿನಿಂದ ಒಂದು, ನಡುವಿನಿಂದ ಒಂದು, ತಳದಿಂದ ಒಂದು. ಬೇರೆಯವರು ತಳ ಮುಟ್ಟುವ ಮೊದಲೇ ಸುಸ್ತಾಗಿ ಜಗ್ಗಿಬಿಡುತ್ತಾರೆ. ಅನುಮಾನಪ್ಪನ ಬೆರಳಿಗೆ ಹಗ್ಗದಲ್ಲೇ ತಳ ತಿಳಿಯುತ್ತಿತ್ತು. ಮೇಲೆ ಬಂದ ಎಣ್ಣೆಯ ಒಂದು ಹನಿಯನ್ನು ಎರಡು ಬೆರಳ ನಡುವೆ ತಿಕ್ಕಿ, "ಮೇಣ ಜಾಸ್ತಿ" ಎನ್ನುತ್ತಿದ್ದ. ಲ್ಯಾಬಿನವರು ಎರಡು ದಿನ ಒದ್ದಾಡಿ ಅದನ್ನೇ ಬರೆಯುತ್ತಿದ್ದರು. "ಮೇಲಿಂದ ನೋಡಿದ್ರೆ ಎಲ್ಲರೂ ಒಳ್ಳೆಯವರೇ. ಬಾಟ್ಲಿ ತಳಕ್ಕೆ ಬಿಡ್ರಿ, ಬಣ್ಣ ಗೊತ್ತಾಗುತ್ತೆ" ಎನ್ನುವುದು ಅವನ ಮಂತ್ರ.

ಹಡಗಿನ ಮೇಲೆ ಅವನ ಎದುರಾಳಿಯೊಬ್ಬನಿದ್ದ. ಮಾರುವ ಕಂಪನಿಯ ಕಡೆಯಿಂದ ಬರುವ ತಪಾಸಣೆಗಾರ. ದುಂಡು ಮುಖ, ದುಂಡು ಹೊಟ್ಟೆ, ಯಾವಾಗ ನೋಡಿದರೂ ನಗು. ಬಂದರಿನವರೆಲ್ಲ ಅವನನ್ನು ನಗುಮಾಮ ಎಂದು ಕರೆಯುತ್ತಿದ್ದರು. ಇಬ್ಬರೂ ಸೇರಿಯೇ ಎಣ್ಣೆ ತೆಗೆದು, ಒಂದೊಂದು ಲೀಟರಿನ ಬಾಟ್ಲಿಗಳಿಗೆ ತುಂಬಿ, ಸೀಸದ ಸೀಲು ಹಾಕಿ, ಚೀಟಿಯ ಮೇಲೆ ಇಬ್ಬರೂ ಸಹಿ ಮಾಡಬೇಕು. ಒಂದು ಕೊಳ್ಳುವವರಿಗೆ, ಒಂದು ಮಾರುವವರಿಗೆ, ಒಂದು ಹಡಗಿನ ಕ್ಯಾಪ್ಟನ್ನನಿಗೆ. ಮುಂದೆ ಜಗಳ ಬಂದರೆ ಆ ಸೀಲೇ ಸಾಕ್ಷಿ. ಸಹಿಯಾದ ಮೇಲೆ ನಗುಮಾಮ ತನ್ನ ಫ್ಲಾಸ್ಕಿನಿಂದ ಎರಡು ಲೋಟಕ್ಕೆ ಚಹಾ ಸುರಿದು, "ತಗೊಳ್ಳಿ ಸಾರ್, ಗಾಳಿ ಜೋರಾಗಿದೆ" ಎನ್ನುತ್ತಿದ್ದ. ಅನುಮಾನಪ್ಪ, "ನನ್ನದು ನನ್ನ ಹತ್ರ ಇದೆ" ಎಂದು ತನ್ನ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದ. ಎಂಟು ವರ್ಷ ಹೀಗೇ ನಡೆಯಿತು. ಸುಮ್ಮಸುಮ್ಮನೆ ನಗುವವನು ಏನನ್ನೋ ಮುಚ್ಚಿಡುತ್ತಿದ್ದಾನೆ ಎನ್ನುವುದು ಅನುಮಾನಪ್ಪನ ಲೆಕ್ಕ.

ಹೀಗಿರುವಾಗ ಒಂದು ಹಡಗು ಬಂತು. ಕಾಗದದಲ್ಲಿ ಬಂಗಾರದಂಥ ಎಣ್ಣೆ, ನೀರಿನ ಸುಳಿವೇ ಇಲ್ಲ. ತಳದಲ್ಲಿ ನೀರು ಬೇರೆಯಾಗಿ ನಿಂತಿದ್ದರೆ, ಅಳತೆಯ ಟೇಪಿಗೆ ಹಚ್ಚಿದ ಲೇಪ ಬಣ್ಣ ಬದಲಿಸಿ ಚಾಡಿ ಹೇಳುತ್ತದೆ. ಅಂದು ಲೇಪ ತುಟಿ ಬಿಚ್ಚಲಿಲ್ಲ. ಆದರೆ ತಳದ ಬಾಟ್ಲಿ ಎಳೆಯುವಾಗ ಅನುಮಾನಪ್ಪನಿಗೆ ಯಾಕೋ ಕೈ ಭಾರವೆನಿಸಿತು. ಎಣ್ಣೆಯ ಬಣ್ಣವೂ ಸ್ವಲ್ಪ ಮಬ್ಬು. ಮೂರು ಸೀಲ್ ಬಾಟ್ಲಿಗಳ ಜೊತೆಗೆ ದಿನದ ಪರೀಕ್ಷೆಗೆಂದು ಇನ್ನೊಂದು ಬಾಟ್ಲಿ ತುಂಬಿಸಿಕೊಂಡು ಲ್ಯಾಬಿಗೆ ತಂದ. ಬಿಸಿ ತಟ್ಟೆಯ ಮೇಲೆ ಒಂದು ಹನಿ ಬಿಟ್ಟ. ಚಟಪಟ ಚಟಪಟ! ಒಗ್ಗರಣೆ ಹಾಕಿ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೀರು ಎಣ್ಣೆಯೊಳಗೇ ಬೆರೆತು ತಲೆಮರೆಸಿಕೊಂಡು ಕೂತಿತ್ತು. ಗಿರಗಿರ ತಿರುಗುವ ಯಂತ್ರದಲ್ಲಿ ಹಾಕಿ ತಿರುಗಿಸಿದಾಗ ಗಾಜಿನ ನಳಿಗೆಯ ಚೂಪು ತುದಿಗೆ ಇಳಿಯಿತು: ನೂರಕ್ಕೆ ಮೂರು ಪಾಲು. ಅನುಮಾನಪ್ಪ ಕೆಂಪು ಶಾಯಿಯಲ್ಲಿ ಬರೆದು ಗೆರೆ ಎಳೆದ.

ಮೂರು ವಾರ ಕಳೆದ ಮೇಲೆ ಮಾರುವವರ ಕಚೇರಿಯಿಂದ ಪತ್ರ ಬಂತು. ನಿಮ್ಮ ಲ್ಯಾಬಿನ ಲೆಕ್ಕ ನಿಮ್ಮದು, ನಾವು ಒಪ್ಪುವುದಿಲ್ಲ, ಸೀಲ್ ಬಾಟ್ಲಿಯನ್ನು ಇಬ್ಬರ ಎದುರಿಗೆ ಒಡೆದು ನೋಡೋಣ ಎಂದು. ಮ್ಯಾನೇಜರು ಅನುಮಾನಪ್ಪನನ್ನು ಕೋಣೆಗೆ ಕರೆದರು.

"ಸೋಮವಾರ ಬರ್ತಾರಂತೆ. ನೀರು ನೂರಕ್ಕೆ ಮೂರು ಇದೆ ತಾನೆ?"

"ಮೂರಕ್ಕೆ ಮೂರೂ ಇದೆ ಸಾರ್."

"ಇಲ್ಲದೆ ಹೋದ್ರೆ ನನ್ನ ಮರ್ಯಾದೆ ಮೂರು ಕಾಸಿಗೆ ಹರಾಜು. ನಿಮ್ಮನ್ನ ಆಮೇಲೆ ಹಡಗು ಹತ್ತಿಸೋಕೆ ನನ್ನಿಂದಾಗಲ್ಲ, ಈಗಲೇ ಹೇಳಿದ್ದೀನಿ. ಸ್ಟೋರಿನಲ್ಲಿ ಕೂತು ಡ್ರಮ್ ಎಣಿಸಬೇಕಾಗುತ್ತೆ."

ಅನುಮಾನಪ್ಪನಿಗೆ ಹಡಗಿನ ಏಣಿಯೆಂದರೆ ಜೀವ. ಗಾಳಿಗೆ ತೂಗುವ ಆ ಏಣಿಯ ಕೊನೆಯ ಮೆಟ್ಟಿಲು ದಾಟಿ ಕಬ್ಬಿಣದ ಅಂಗಳಕ್ಕೆ ಕಾಲಿಡುವಾಗ, ನಲವತ್ತೊಂಬತ್ತನೇ ವಯಸ್ಸಿನಲ್ಲೂ ಅವನ ಎದೆ ಉಬ್ಬುತ್ತಿತ್ತು. ಸ್ಟೋರೆಂದರೆ ಕಿಟಕಿಯಿಲ್ಲದ ಶೆಡ್ಡು. ಆದರೂ ಅವನು ಹೆದರಲಿಲ್ಲ. ಮೂರು ಇದೆಯೆಂದರೆ ಇದೆ. ಬಾಟ್ಲಿ ಭದ್ರವಾಗಿದೆ.

ಎಲ್ಲಿ ಭದ್ರವಾಗಿದೆ? ಅಲ್ಲೇ ಇರುವುದು ಕತೆ. ಸೀಲ್ ಬಾಟ್ಲಿ ಇರಬೇಕಾದದ್ದು ಲ್ಯಾಬಿನ ಬೀರುವಿನಲ್ಲಿ. ಆ ಬೀರುವಿಗೆ ಎರಡು ಬೀಗದ ಕೈ. ಒಂದು ಇವನ ಹತ್ತಿರ, ಇನ್ನೊಂದು ಆಫೀಸಿನ ಗೋಡೆಯ ಮೊಳೆಯಲ್ಲಿ. ಮೊಳೆಯಲ್ಲಿ ನೇತಾಡುವ ಬೀಗದ ಕೈಯನ್ನು ನಂಬುವುದುಂಟೆ? ಯಾರಾದರೂ ಬಾಟ್ಲಿ ಬದಲಾಯಿಸಿದರೆ? ಅನುಮಾನಪ್ಪ ಅದನ್ನು ಊಟದ ಡಬ್ಬಿಯ ಚೀಲದಲ್ಲಿಟ್ಟು ಮನೆಗೆ ಸಾಗಿಸಿದ್ದ. ಅಮ್ಮನ ಮಂಚದ ಕೆಳಗೆ, ಹಳೆಯ ಚಪ್ಪಲಿಗಳ ಹಿಂದೆ ಬಚ್ಚಿಟ್ಟಿದ್ದ. ಹೆಂಡತಿಗೆ ಹೇಳಲಿಲ್ಲ, ಅವಳು ತಂಗಿಗೆ ಹೇಳಿಯಾಳು. ಅಮ್ಮನಿಗೆ ಹೇಳಲಿಲ್ಲ, ಅವಳು ಬೀದಿಗೇ ಹೇಳಿಯಾಳು. ಅಕಸ್ಮಾತ್ ಕಣ್ಣಿಗೆ ಬಿದ್ದರೂ ಯಾರೂ ಮುಟ್ಟಬಾರದೆಂದು ಪೇಪರ್ ಸುತ್ತಿ, ಅದರ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿದ್ದ: ಗೆದ್ದಲಿನ ಮದ್ದು. ವಿಷ. ಬರೆದು ತನ್ನ ಬೆನ್ನು ತಾನೇ ತಟ್ಟಿಕೊಂಡಿದ್ದ.

ಭಾನುವಾರ ಬೆಳಿಗ್ಗೆ ಹೆಂಡತಿ ಬಟ್ಟೆ ಒಣಗಿಸಲು ಮಹಡಿಗೆ ಹೋದ ಸಮಯ ನೋಡಿ, ಮಂಚದ ಕೆಳಗೆ ತಲೆ ತೂರಿಸಿದ. ಚಪ್ಪಲಿಗಳಿದ್ದವು. ಬಾಟ್ಲಿ ಇರಲಿಲ್ಲ.

ಎದ್ದ ರಭಸಕ್ಕೆ ತಲೆ ಮಂಚಕ್ಕೆ ಬಡಿಯಿತು. ಮಂಚದ ಮೇಲೆ ಕನ್ನಡಕ ಒರೆಸುತ್ತ ಕೂತಿದ್ದ ಅಮ್ಮ, "ಏನೋ ಹುಡುಕ್ತಿದ್ದೀಯ?" ಎಂದಳು.

"ಇಲ್ಲೊಂದು ಬಾಟ್ಲಿ ಇತ್ತಲ್ಲಮ್ಮ..."

"ಗೆದ್ದಲಿನ ಮದ್ದಾ? ಮುಗೀತು. ಕಿಟಕಿ ಹತ್ರ ಇದೆ ನೋಡು, ತೊಳೆದಿಟ್ಟಿದ್ದೀನಿ. ಒಳ್ಳೆ ಗಾಜಿನ ಬಾಟ್ಲಿ."

ಕಿಟಕಿಯ ಕಟ್ಟೆಯ ಮೇಲೆ ಬಾಟ್ಲಿ ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು. ಸೀಸದ ಸೀಲು ಪಕ್ಕದಲ್ಲೇ ಎರಡು ತುಂಡಾಗಿ ಬಿದ್ದಿತ್ತು. ಅನುಮಾನಪ್ಪ ಅಲ್ಲೇ ನೆಲದ ಮೇಲೆ ಕುಕ್ಕರಿಸಿದ.

"ಅಯ್ಯೋ, ಅದನ್ನ ಯಾಕಮ್ಮ ಮುಟ್ಟಿದೆ? ವಿಷ ಅಂತ ಬರೆದಿರಲಿಲ್ವಾ?"

"ಗೆದ್ದಲಿಗೆ ವಿಷ ಹಾಕದೆ ಸಕ್ಕರೆ ಹಾಕ್ತಾರೇನೋ? ನನ್ನ ಮರದ ಪೆಟ್ಟಿಗೆಗೆ ಗೆದ್ದಲು ಹತ್ತಿದೆ ಅಂತ ಮೂರು ತಿಂಗಳಿಂದ ಬಡ್ಕೋತಿದ್ದೀನಿ, ನೀನು ಕಿವಿಗೆ ಹಾಕ್ಕೊಂಡಿಲ್ಲ. ಮಂಚದ ಕೆಳಗೆ ಮದ್ದು ನೋಡಿದಾಗ ಕಣ್ಣು ತುಂಬಿ ಬಂತು. ಬಾಯಲ್ಲಿ ಹೇಳದೆ ತಂದಿಟ್ಟಿದ್ದಾನಲ್ಲ ನನ್ನ ಮಗ, ಅಂತ."

ಮನೆಯಲ್ಲಿ ಒಂದು ವಾರದಿಂದ ನಾತ ಎಂದು ಹೆಂಡತಿ ಗೊಣಗುತ್ತಿದ್ದಳು. ತನ್ನ ಬಟ್ಟೆಗೆ ಇದ್ದೇ ಇರುವ ವಾಸನೆಯೆಂದು ಅವನು ತಳ್ಳಿಹಾಕಿದ್ದ. ಎಣ್ಣೆಯನ್ನು ಬೆರಳಲ್ಲಿ ಗುರುತಿಸುವವನಿಗೆ ಪಕ್ಕದ ಕೋಣೆಯ ಎಣ್ಣೆ ಗೊತ್ತಾಗಲಿಲ್ಲ.

"ಆದ್ರೆ ಒಂದು ಮಾತು," ಎಂದು ಅಮ್ಮ ದನಿ ತಗ್ಗಿಸಿದಳು. "ಆ ಅಂಗಡಿಯವನು ನಿನಗೆ ಮೋಸ ಮಾಡಿದ್ದಾನೆ. ಮದ್ದಿಗೆ ನೀರು ಬೆರೆಸಿದ್ದಾನೆ."

ಅನುಮಾನಪ್ಪ ತಲೆ ಎತ್ತಿದ. "ಏನಂದೆ?"

"ದೊಡ್ಡ ಚಮಚದಲ್ಲಿ ಅಳೆದು ಅಳೆದು ತೂತಿಗೆ ಬಿಟ್ಟೆ, ಮೂರು ಮಧ್ಯಾಹ್ನ. ಅರವತ್ತೈದು ಚಮಚ ಎಣ್ಣೆ. ಕೊನೆಯ ಎರಡು ಚಮಚ ಬರೀ ನೀರು. ತಳದಲ್ಲಿ ಕೂತಿತ್ತು, ಕಳ್ಳ!"

"ಎಣಿಸಿದ್ಯಾ?"

"ಮದ್ದು ಅಂದ್ಮೇಲೆ ಎಣಿಸಬೇಡ್ವೇನೋ?"

ಮಂಚದ ಕೆಳಗೆ ದಿನಗಟ್ಟಲೆ ಅಲುಗದೆ ಕೂತದ್ದಕ್ಕೆ ಎಣ್ಣೆಯೊಳಗೆ ಬೆರೆತಿದ್ದ ನೀರು ತಾನಾಗಿಯೇ ತಳಕ್ಕಿಳಿದಿತ್ತು. ಅರವತ್ತೇಳು ಚಮಚದಲ್ಲಿ ಎರಡು. ಅನುಮಾನಪ್ಪ ಬೆರಳು ಮಡಿಸಿ ಲೆಕ್ಕ ಹಾಕಿದ. ನೂರಕ್ಕೆ ಮೂರು! ಲ್ಯಾಬಿನ ಯಂತ್ರಕ್ಕೂ ಅಮ್ಮನ ಚಮಚಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ. ಒಂದು ಕ್ಷಣ ಅವನಿಗೆ ಅಮ್ಮನನ್ನು ಎತ್ತಿಕೊಂಡು ಕುಣಿಯಬೇಕೆನಿಸಿತು. ಮರುಕ್ಷಣವೇ ನೆನಪಾಯಿತು: ಈ ಸತ್ಯವೆಲ್ಲ ಈಗ ಪೆಟ್ಟಿಗೆಯ ತೂತಿನೊಳಗೆ ಗೆದ್ದಲಿನ ಪಾಲಾಗಿದೆ.

ಮಹಡಿಯಿಂದ ಇಳಿದ ಹೆಂಡತಿ ಸಂಗತಿ ಕೇಳಿ, ಖಾಲಿ ಬಕೆಟ್ಟನ್ನು ಕೆಳಗಿಟ್ಟು, ಗೋಡೆ ಹಿಡಿದುಕೊಂಡು ನಕ್ಕಳು. ನಕ್ಕೂ ನಕ್ಕೂ ಕಣ್ಣೀರು ಒರೆಸಿಕೊಂಡು, ಗಂಡನ ಮುಖ ನೋಡಿ ನಿಲ್ಲಿಸಿದಳು.

"ನನಗೊಂದು ಮಾತು ಹೇಳಿದ್ರೆ ಆ ಬಾಟ್ಲಿನ ಕಣ್ಣಲ್ಲಿ ಕಣ್ಣಿಟ್ಟು ಕಾಯ್ತಿರಲಿಲ್ವೇನ್ರೀ?" ಎಂದಳು. ಈ ಸಲ ಅವಳ ದನಿಯಲ್ಲಿ ನಗು ಇರಲಿಲ್ಲ. ಇಪ್ಪತ್ತು ವರ್ಷ ಸಂಸಾರ ಮಾಡಿದವಳಿಗೆ ನೋವಾಗಿತ್ತು.

ಮಧ್ಯಾಹ್ನ ಅನುಮಾನಪ್ಪ ತೊಳೆದ ಬಾಟ್ಲಿಯನ್ನು ಚೀಲಕ್ಕೆ ಹಾಕಿಕೊಂಡು ಲ್ಯಾಬಿಗೆ ಹೋದ. ರಜೆಯ ದಿನ, ನರಪಿಳ್ಳೆಯಿಲ್ಲ. ಮೇಜಿನ ಕೆಳಗಿನ ಕಪಾಟಿನಲ್ಲಿ ದಿನದ ಪರೀಕ್ಷೆಯ ಆ ಇನ್ನೊಂದು ಬಾಟ್ಲಿ ಮುಕ್ಕಾಲು ತುಂಬಿಯೇ ಇತ್ತು. ಅದೇ ಹಡಗಿನ ಎಣ್ಣೆ, ಅದೇ ನೀರು. ಹೊಸ ಸೀಸ ಡ್ರಾಯರಿನಲ್ಲಿತ್ತು. ಒತ್ತುವ ಇಕ್ಕಳವೂ ಇತ್ತು. ನಗುಮಾಮನ ಸಹಿ ಎಂಟು ವರ್ಷದಿಂದ ನೋಡಿ ನೋಡಿ ಬಾಯಿಪಾಠ: ಎರಡು ಸುತ್ತು, ಒಂದು ಬಾಲ. ಬಾಟ್ಲಿಯನ್ನು ಯಾರು ಯಾವ ಯಾವ ರೀತಿಯಲ್ಲಿ ಬದಲಾಯಿಸಬಹುದೆಂದು ಇವನಷ್ಟು ಯೋಚಿಸಿದವರು ಯಾರಿದ್ದಾರೆ? ಸುಳ್ಳಾಗುವುದು ಸೀಲೊಂದೇ, ಎಣ್ಣೆ ಸುಳ್ಳಲ್ಲವಲ್ಲ ಎಂದು ಮನಸ್ಸು ವಕೀಲಿ ಶುರುಮಾಡಿತು.

ಹಳೆಯ ಕಾಗದದ ಮೇಲೆ ಸಹಿಯನ್ನು ಒಮ್ಮೆ ಮಾಡಿ ನೋಡಿದ. ಅಚ್ಚು ಒತ್ತಿದ ಹಾಗೆ ಬಂತು. ಆ ಬಾಲ ನೋಡಿದ ಮೇಲೆ ಅವನು ಪೆನ್ನು ಕೆಳಗಿಟ್ಟ. ತಾ ಕಳ್ಳ ಪರರ ನಂಬ ಎಂದು ಹೆಂಡತಿ ಚುಡಾಯಿಸಿದಾಗಲೆಲ್ಲ ಅವನು ಉರಿದುಬೀಳುತ್ತಿದ್ದ. ಈಗ ಚುಡಾಯಿಸಲು ಯಾರೂ ಇರಲಿಲ್ಲ, ಆದರೂ ಕಿವಿ ಬಿಸಿಯಾಯಿತು. ಜೀವಮಾನವಿಡೀ ಯಾವ ಕಳ್ಳನನ್ನು ಕಾದು ಕೂತಿದ್ದನೋ ಆ ಕಳ್ಳ ಈಗ ತನ್ನ ಕುರ್ಚಿಯಲ್ಲೇ, ತನ್ನ ಕನ್ನಡಕ ಹಾಕಿಕೊಂಡು ಕೂತಿದ್ದಾನೆ. ಕಾಗದವನ್ನು ಚೂರು ಚೂರು ಹರಿದ. ಹರಿದು, ಖಾಲಿ ಬಾಟ್ಲಿಯನ್ನು ಖಾಲಿಯಾಗಿಯೇ ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದ.

ಸೋಮವಾರ ಹತ್ತು ಗಂಟೆಗೆ ಲ್ಯಾಬಿನ ಉದ್ದ ಮೇಜಿನ ಒಂದು ಕಡೆ ಮ್ಯಾನೇಜರು, ಇನ್ನೊಂದು ಕಡೆ ಮಾರುವವರ ಕಡೆಯ ಸಾಹೇಬರು, ಅವರ ಪಕ್ಕ ನಗುಮಾಮ. ಅನುಮಾನಪ್ಪ ತೊಳೆದ ಬಾಟ್ಲಿಯನ್ನೂ ಎರಡು ತುಂಡು ಸೀಸವನ್ನೂ ಮೇಜಿನ ಮೇಲಿಟ್ಟು, ಬೀರುವಿನಿಂದ ಮಂಚಕ್ಕೆ, ಮಂಚದಿಂದ ಪೆಟ್ಟಿಗೆಗೆ ನಡೆದದ್ದನ್ನೆಲ್ಲ ಒಂದನ್ನೂ ಬಿಡದೆ ಒಪ್ಪಿಸಿದ. ಅರವತ್ತೈದು ಚಮಚವನ್ನೂ ಹೇಳಿದ.

ಮ್ಯಾನೇಜರು ಹಣೆ ಚಚ್ಚಿಕೊಂಡರು. ಸಾಹೇಬರಿಗೆ ನಗು ತಡೆಯಲಾಗಲಿಲ್ಲ. "ಗೆದ್ದಲಿಗೆ ಒಳ್ಳೆಯದಾಗಲಿ. ಕ್ಯಾಪ್ಟನ್ನನ ಬಾಟ್ಲಿ ಈಗ ಯಾವ ಸಮುದ್ರದಲ್ಲಿದೆಯೋ. ಸಾಕ್ಷಿ ಇಲ್ಲ, ಕೇಸಿಲ್ಲ. ನಾವಿನ್ನು ಬರ್ತೀವಿ" ಎಂದು ಕುರ್ಚಿ ಹಿಂದಕ್ಕೆ ಸರಿಸಿದರು.

"ನಮ್ಮದೊಂದಿದೆ ಸಾರ್," ಎಂದ ನಗುಮಾಮ.

ಸಾಹೇಬರು ಅರ್ಧ ಎದ್ದವರು ಹಾಗೇ ನಿಂತರು. "ಎಲ್ಲಿದೆ? ನಮ್ಮ ಆಫೀಸಿನ ಕಪಾಟಿನಲ್ಲಿ ಇಲ್ವಲ್ಲ, ನಾನು ಶನಿವಾರ ನೋಡಿದೆ."

"ಕಪಾಟಿಗೆ ನಾಲ್ಕು ಬೀಗದ ಕೈ ಇದೆ ಸಾರ್. ಅದಕ್ಕೇ ಮನೆಗೆ ತಗೊಂಡು ಹೋಗಿದ್ದೆ."

ನಗುಮಾಮ ಕೈಚೀಲದಿಂದ ಬಾಟ್ಲಿ ತೆಗೆದು ಮೇಜಿನ ನಡುವೆ ಇಟ್ಟ. ಸೀಲು ಇದ್ದ ಹಾಗೇ ಇತ್ತು. ಚೀಟಿಯ ಮೇಲೆ ಎರಡು ಸುತ್ತು, ಒಂದು ಬಾಲ. ಪಕ್ಕದಲ್ಲಿ ಅನುಮಾನಪ್ಪನ ಗೀಚು.

"ಮನೆಯಲ್ಲಿ ಎಲ್ಲಿಟ್ಟಿದ್ರಿ?" ಎಂದು ಅನುಮಾನಪ್ಪ ಕೇಳಿದ.

"ಅಡುಗೆಮನೆ ಮೇಲಿನ ಅಟ್ಟದಲ್ಲಿ. ಹೆಂಡತಿ ಮಕ್ಕಳಿಗೆಲ್ಲ ತೋರಿಸಿ ಹೇಳಿದ್ದೆ: ಇದು ಆ ಕನ್ನಡಕದ ಸಾರ್ ಸಹಿ ಹಾಕಿದ ಬಾಟ್ಲಿ, ಅವರು ಸುಳ್ಳಿಗೆ ಸಹಿ ಹಾಕೋರಲ್ಲ, ಯಾರೂ ಮುಟ್ಟಬೇಡಿ ಅಂತ. ಯಾರೂ ಮುಟ್ಟಲಿಲ್ಲ."

ಅನುಮಾನಪ್ಪನಿಗೆ ಸೀಲು ಪರೀಕ್ಷಿಸಲು ಬಾಟ್ಲಿ ಕೊಟ್ಟರು. ನಿಯಮದಂತೆ ಅವನು ತಿರುಗಿಸಿ, ಬೆಳಕಿಗೆ ಹಿಡಿದು, ಗಂಟು ಎಳೆದು ನೋಡಬೇಕಿತ್ತು. ಒಮ್ಮೆ ನೋಡಿ "ಸರಿಯಾಗಿದೆ" ಎಂದ. ಕಣ್ಣು ಮಂಜಾಗಿ ಅವನಿಗೆ ಸೀಲು ಕಾಣುತ್ತಿರಲಿಲ್ಲ ಎನ್ನುವುದು ಬೇರೆ ಮಾತು. ಸೀಲು ಒಡೆದು, ಬಾಟ್ಲಿಯನ್ನು ಬಿಸಿನೀರಿನಲ್ಲಿಟ್ಟು, ಚೆನ್ನಾಗಿ ಅಲುಗಿಸಿ, ನಳಿಗೆಗೆ ತುಂಬಿ ತಿರುಗಿಸಿದರು. ಯಂತ್ರ ನಿಂತಾಗ ಸಾಹೇಬರೇ ಬಗ್ಗಿ ಓದಿದರು. ಮೂರು. ಅಮ್ಮನ ಚಮಚ ಗೆದ್ದಿತು.

ಸಾಹೇಬರು ಕಾಗದಕ್ಕೆ ಸಹಿ ಹಾಕಿ, ನಗುಮಾಮನ ಕಡೆ ಒಂದು ನೋಟ ಎಸೆದು ಹೊರಟುಹೋದರು. ಮ್ಯಾನೇಜರು ಅನುಮಾನಪ್ಪನ ಹೆಗಲು ತಟ್ಟಿ, "ನಾಳೆ ಹಡಗು ಬರ್ತಿದೆ, ಏಣಿ ಹತ್ತಿ. ಬಾಟ್ಲಿ ಮಾತ್ರ ಬೀರುವಿನಲ್ಲೇ ಇರಲಿ, ಕೈ ಮುಗಿತೀನಿ" ಎಂದು ನಡೆದರು.

ಉಳಿದವರು ಇಬ್ಬರೇ.

"ನಿಮಗೆ ಆಫೀಸಲ್ಲಿ ಈಗ ಮಂಗಳಾರತಿ ಆಗುತ್ತಲ್ಲ," ಎಂದ ಅನುಮಾನಪ್ಪ.

"ಆಗುತ್ತೆ. ಹೋದ ವಾರವೇ 'ಆ ಬಾಟ್ಲಿ ಸ್ವಲ್ಪ ನೋಡ್ಕೊಳ್ಳಿ' ಅಂದಿದ್ರು. ನಾನು ನೋಡ್ಕೊಂಡೆ. ಅವರು ಹೇಳಿದ್ದು ಆ ಥರ ನೋಡ್ಕೊಳ್ಳೋಕೆ ಅಲ್ಲ ಅನ್ಸುತ್ತೆ," ಎಂದು ನಗುಮಾಮ ಹೊಟ್ಟೆ ಕುಲುಕಿಸಿ ನಕ್ಕ. ಎಂಟು ವರ್ಷದಿಂದ ಅದೇ ನಗು. ಅದರ ಹಿಂದೆ ಏನೂ ಇರಲಿಲ್ಲ, ನಗುವೇ ಇತ್ತು. ಅಭ್ಯಾಸಬಲದಿಂದ ಫ್ಲಾಸ್ಕ್ ತೆಗೆದು ಎರಡು ಲೋಟಕ್ಕೆ ಸುರಿದ. "ನಿಮ್ಮದು ನಿಮ್ಮ ಹತ್ರ ಇರುತ್ತೆ, ಗೊತ್ತು. ಆದ್ರೂ ಕೇಳೋದು ನನ್ನ ಧರ್ಮ."

ಅನುಮಾನಪ್ಪ ಕೈ ಚಾಚಿ ಲೋಟ ತೆಗೆದುಕೊಂಡ. ಮೂಸಲಿಲ್ಲ, ಬೆಳಕಿಗೆ ಹಿಡಿಯಲಿಲ್ಲ. ಫ್ಲಾಸ್ಕಿನಲ್ಲೇ ಆರಿದ್ದ ಚಹಾವನ್ನು ಗಟಗಟನೆ ಕುಡಿದ. ಕೊನೆಯ ಗುಟುಕಿಗೆ ನಾಲಗೆ ನಿಂತಿತು. ಲೋಟದ ತಳದಲ್ಲಿ ಕರಗದ ಸಕ್ಕರೆ ಒಂದು ಬೆರಳು ದಪ್ಪ ಕೂತಿತ್ತು.

"ಸಕ್ಕರೆ ಜಾಸ್ತಿ ಆಯ್ತಾ ಸಾರ್? ನಮ್ಮಾಕೆ ಕೈ ಧಾರಾಳ."

"ಇಲ್ಲ," ಎಂದು ಅನುಮಾನಪ್ಪ ಖಾಲಿ ಲೋಟವನ್ನು ನೋಡುತ್ತ ನಿಂತ. "ಎಂಟು ವರ್ಷದಲ್ಲಿ ಎಷ್ಟು ಹಡಗಿನ ತಳ ನೋಡಿದೆ. ಇದನ್ನ ಮೇಲಿಂದ ಕೂಡ ನೋಡಿರಲಿಲ್ಲ." ಎಂದು ಲೋಟವನ್ನು ಇನ್ನೊಮ್ಮೆ ಮುಂದೆ ಹಿಡಿದ.